ಹಕ್ಕಿ ನೋಡಲು ಹೋಗಿ ಹಕ್ಕಿ ಓಡಿಸಿದ್ದು

ನನ್ನ ಮೊಮ್ಮಗಳು ಪವಿತ್ರಂಗೆ ಕೆಲಸ ಸಿಕ್ಕಿತು ಕಣ್ರಪ್ಪ. ಹಿನ್ನೀರಿನ ದಂಡೆಯ ರೆಸಾರ್ಟಿಗೆ ಬಂದವರಿಗೆ ಹಕ್ಕಿ ತೋರಿಸುವ ಕೆಲಸ. ಇಲ್ಲೀತನಕ ಗಂಡು ಹೈಕಳೇ ಮಾಡುತ್ತಿದ್ದುದನ್ನು ನಮ್ಮ ಮನೆಯ ಹೆಣ್ಣುಮಗು ಗೆದ್ದುಕೊಂಡು ಬಂದಿದೆ. ಅವಳಪ್ಪ, ಅಂದರೆ ನನ್ನ ಮಗ, ಇದಕ್ಕೆ ಒಪ್ಪಿರಲಿಲ್ಲ. ಯಾರ್ಯಾರ ಜೊತೆಗೋ ಬಯಲು ಅಲೆಯೋದ್ಯಾಕೆ, ಹ್ಯಾಂಡ್‌ಪೋಸ್ಟ್ ಪೇಟೆಯ ಬಟ್ಟೆ ಅಂಗಡೀಲಿ ಕುಂತರೆ ಸಾಲದಾ ಅಂತ ಅವನ ವಾದ. ಕೊನೆಗೆ, ಒಂದು ದಿನ ಪರೀಕ್ಷೆಗೆ ಹೋಗಲಿ, ಆಗದಿದ್ದರೆ ಮತ್ತೆ ಆ ಮಾತು ಎತ್ತಬಾರದು, ಜೊತೆಗೆ ಅಜ್ಜಿ ಹೋಗಬೇಕು ಅಂದ. ಅಂಗಾಗಿ ಹೊತ್ತು ಮೂಡುವ ಮುಂಚೆ ಮೈಸೂರಿನ ಐದಾರು ಜನ, ಪರೀಕ್ಷೆ ಮಾಡುವ ದೊಡ್ಡ ಗೈಡು, ಪವಿ, ನಾನು, ಎಲ್ಲ ಬಯಲಿಗೆ ಇಳಿದೆವು.

ಬೇಸಿಗೇಲಿ ನೀರು ಹಿಂದೆ ಸರಿದು ಹುಲ್ಲು ಬಯಲಾಗುತ್ತಲ್ಲ, ಅದೇ ನಮ್ಮ ಹಳೇ ಊರು. ಹಸಿ ಕೆಸರೂ ಗರಿಕೆಯೂ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ಅಣೆಕಟ್ಟಿನ ನೀರು ನುಂಗುವ ಮುಂಚಿನ ನಮ್ಮನೆ ಕಣ್ಣ ಮುಂದೆ ನಿಂತುಬಿಟ್ಟಿತು. ವಿಭೂತಿ ಹಚ್ಚಿಕೊಂಡು ಜಗುಲಿ ಮೇಲೆ ಕುಂತ ನಮ್ಮಪ್ಪ, ಹೊಲದ ನಡುವೆ ನಾಲ್ಕು ಗಳದ ಮೇಲೆ ಕಟ್ಟಿದ ಅಟ್ಟಣೆ. ಜೋಳ ಹಾಲುಗಟ್ಟಿದಾಗ ಅದರ ಮೇಲೆ ಕುಂತು ಗಿಣಿ ಓಡಿಸುವುದು ನನ್ನ ಪಾಲಿನ ಕೆಲಸ. ಕೈಯಲ್ಲೊಂದು ಒಡಕು ತಗಡು, ಬಾಯಲ್ಲಿ ಕೂಗು. ಇವಳ ಬಾಯಿ ಹೊಳೆಯಾಚೆಗೂ ಕೇಳುತ್ತೆ ಅಂತ ನಮ್ಮವ್ವ ಹೊಗಳೋಳೋ ಬೈಯೋಳೋ, ಇವತ್ತಿಗೂ ಗೊತ್ತಿಲ್ಲ.

ಆ ಬುದ್ಧಿ ಐವತ್ತು ವರ್ಷ ಕಳೆದರೂ ಹೋಗುತ್ತಾ? ಪವಿ ಎಲ್ಲರನ್ನೂ ಉಸಿರು ಬಿಡದಂಗೆ ನಿಲ್ಲಿಸಿ ನೀರಂಚಿನ ಹಕ್ಕಿಗಳನ್ನು ತೋರಿಸುತ್ತಿದ್ದಳು. ಅಷ್ಟರಲ್ಲಿ ಗಿಣಿ ಹಿಂಡೊಂದು ಪಕ್ಕದಲ್ಲಿ ಯಾರದೋ ಜೋಳದ ಹೊಲಕ್ಕೆ ಇಳಿಯಿತು. ನಾನು ಸೆರಗು ಬೀಸಿಕೊಂಡು ಹೋಯ್ ಹೋಯ್ ಅಂತ ಕೂಗೇಬಿಟ್ಟೆ. ಗಿಣಿ ಹೋದವು, ಸರಿ. ಬಾತು, ಕೊಕ್ಕರೆ, ಆ ಜನ ಕ್ಯಾಮರಾ ಹಿಡಿದು ಕಾದಿದ್ದ ಅಷ್ಟೂ ಹಕ್ಕಿ ಎದ್ದು ಆಚೆ ದಡ ಸೇರಿದವು. ದೊಡ್ಡ ಗೈಡು ಹಣೆ ಮೇಲೆ ಕೈ ಇಟ್ಟುಕೊಂಡ. ಪವಿ ಮುಖ ಬಿಳಿಚಿಕೊಂಡಿತು.

"ಅಜ್ಜಿ, ನೀನು ನನ್ನ ಕಾಯೋಕ್ ಬಂದ್ಯಾ, ಯಾರ್ದೋ ಹೊಲ ಕಾಯೋಕ್ ಬಂದ್ಯಾ?"

ನಾನು ಬಾಯಿಗೆ ಸೆರಗು ಅಡ್ಡ ಹಿಡಕೊಂಡೆ. ಕೂಸಿನ ಬದುಕಿಗೆ ನಾನೇ ಕಲ್ಲು ಹಾಕಿದೆನಲ್ಲ. ಜನ ಬೇಸರದಲ್ಲಿ ಮುಂದಕ್ಕೆ ಹೊರಟರು. ಒಂದು ಜೋಡಿ ಟಿಟ್ಟಿಬ ಹಕ್ಕಿ ಮಾತ್ರ ಹೋಗದೆ ನಮ್ಮ ತಲೆ ಮೇಲೇ ಸುತ್ತಿ ಸುತ್ತಿ ಅರಚುತ್ತಿದ್ದವು. ಪವಿ ಒಂದು ಗಳಿಗೆ ಕಿವಿಗೊಟ್ಟು ಕೇಳಿ, ಎರಡೂ ತೋಳು ಚಾಚಿ ಅಡ್ಡ ನಿಂತಳು.

"ಒಂದೆಜ್ಜೆನೂ ಇಡಬೇಡಿ ಸರ್. ಮೊಟ್ಟೆ ಇಲ್ಲೇ ಅದೆ."

ಇತ್ತು. ದೊಡ್ಡ ಗೈಡಿನ ಬೂಟಿನಿಂದ ಒಂದು ಮೊಳ ಮುಂದೆ, ಬರೀ ನೆಲದ ಮೇಲೆ, ಬೆಣಚುಕಲ್ಲಿನ ಪಕ್ಕ, ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ಪವಿ ಬಂದ ದಾರೀಲೇ ಎಲ್ಲರನ್ನೂ ಹಿಂದಕ್ಕೆ ನಡೆಸಿ, ನಾನು ಅವಳಿಗೆ ಚಿಕ್ಕಂದಿನಲ್ಲಿ ಹೇಳಿದ್ದನ್ನ ಅವರಿಗೆ ಹೇಳಿದಳು. ಉಳುವಾಗ ಟಿಟ್ಟಿಬದ ಮೊಟ್ಟೆ ಕಂಡರೆ ನಮ್ಮಪ್ಪ ನೇಗಿಲು ಎತ್ತಿ, ಎತ್ತುಗಳನ್ನು ಸುತ್ತು ಹಾಕಿಸಿ ಹೊಡೆದು, ಮೊರದಗಲ ಜಾಗ ಉಳದೆ ಬಿಟ್ಟು, ಸುತ್ತ ನಾಲ್ಕು ಕಡ್ಡಿ ನೆಡೋರು. ಮರಿ ಎದ್ದು ಓಡಿದ ಮೇಲೇ ಅಲ್ಲಿ ಬಿತ್ತನೆ. ಆ ಉತ್ತ ನೆಲವೇ ಈ ಬಯಲು ಅಂದಾಗ ಮೈಸೂರಿನವರು ಕ್ಯಾಮರಾ ಇಳಿಸಿ ಕಾಲಡಿಯ ಮಣ್ಣು ನೋಡಿಕೊಂಡರು. ವಾಪಸ್ ಬಂದ ಮೇಲೆ ದೊಡ್ಡ ಗೈಡು ರೆಸಾರ್ಟಿನ ಗೇಟಿನ ಹತ್ರ ನಿಂತು ಅಂದ: "ನಾಳೆ ಆರು ಗಂಟೆಗೆ ಬಂದ್ಬುಡವ್ವ. ಅಜ್ಜೀನ ಮಾತ್ರ ಮನೇಲೇ ಬುಟ್ಟು ಬಾ."

ಸಂಜೆ ಸೊಸೆ ಮುದ್ದೆ, ಬಸ್ಸಾರು, ಶಾವಿಗೆ ಪಾಯಸ ಮಾಡಿದಳು. ಎಲ್ಲ ಸುತ್ತ ಕುಂತೆವು. ನಮ್ಮಪ್ಪನ ಮನೇಲಿ ಅವತ್ತು ಹೊಲದಲ್ಲಿ ದುಡಿದು ಬಂದವರ ತಟ್ಟೆಗೇ ಮೊದಲ ಮುದ್ದೆ. ಮನೆಯ ಯಜಮಾನನಾದರೂ ಕಾಯಬೇಕು. ಆ ಮನೆಯ ಒಂದು ಗೋಡೆಯೂ ಇವತ್ತು ಉಳಿದಿಲ್ಲ, ಆ ಪಂಕ್ತೀಲಿ ಕುಂತವರಲ್ಲಿ ನಾನೊಬ್ಬಳೇ ಇರೋದು. ಮಗ ಪಾತ್ರೆ ಹತ್ತಿರಕ್ಕೆ ಎಳಕೊಂಡು, ಮೊದಲ ಮುದ್ದೆ ಮಗಳ ತಟ್ಟೆಗೆ ಇಟ್ಟ. ಅವನಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಮುರಿದು ಬಾಯಿಗಿಟ್ಟ ಮೇಲೆ ನಾವೆಲ್ಲ ಉಂಡೆವು.