ಕಾರು ಹೊದ್ದ ಕಂಬಳಿ

ಬೀದಿಯ ಮಕ್ಕಳೆಲ್ಲ ಅವರನ್ನು ಬಾನೆಟ್ ಮಾವ ಎಂದೇ ಕರೆಯುತ್ತಿದ್ದರು. ಬೆಳಗಾದರೆ ಸಾಕು, ಅವರ ತಲೆ ಕಾರಿನ ಬಾನೆಟ್ಟಿನ ಒಳಗೆ, ಉಳಿದ ದೇಹ ಹೊರಗೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಮಾವನ ಮುಖಕ್ಕಿಂತ ಬೆನ್ನನ್ನೇ ಬೇಗ ಗುರುತು ಹಿಡಿಯುತ್ತಿದ್ದಳು.

ಜೀವಮಾನವೆಲ್ಲ ಅವರು ಅಂಚೆ ಕಚೇರಿಯಲ್ಲಿ ವಿಚಾರಣೆಯ ಕೌಂಟರಿನ ಹಿಂದೆ ಕೂತವರು. ಜನ ಕೇಳಬೇಕು, ಇವರು ಹೇಳಬೇಕು. ನಿವೃತ್ತಿಯಾದ ಮಾರನೇ ದಿನ ಯಾರೂ ಏನೂ ಕೇಳಲಿಲ್ಲ. ಹೆಂಡತಿ ಕೇಳಿದ್ದು ಒಂದೇ, "ಇನ್ನು ದಿನವಿಡೀ ಇಲ್ಲೇ ಇರ್ತೀರಾ?" ಅಂತ. ನೊಂದ ಜೀವ ಹೋಗಿ ಒಂದು ಹಳೆಯ ಕಾರು ತಂದಿತು. ಕಾರು ಬಂದದ್ದೇ ತಡ, ಮನೆಯ ಮುಂದೆ ಮತ್ತೆ ಕೌಂಟರು ತೆರೆದಂತಾಯಿತು.

"ಮಾವಾ, ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿದೆ. ಒಂದು ಚೊಂಬು ಬಿಸಿನೀರು ಹಾಕ್ಲಾ?" ಎಂದು ಎದುರುಮನೆಯ ಟೈಲರ್ ಕೇಳುವನು.

"ಹಾಕು, ಧಾರಾಳವಾಗಿ ಹಾಕು. ಗಾಜು ಚಟ್ ಅಂತ ಸೀಳುತ್ತೆ. ಆಮೇಲೆ ಅದಕ್ಕೂ ನಾಲ್ಕು ಹೊಲಿಗೆ ಹಾಕು."

"ಚಳೀಲಿ ಟೈರು ಯಾಕೆ ಹೀಗೆ ಮೆತ್ತಗಾಗುತ್ತೆ?" ಎಂದು ಪಕ್ಕದ ಮನೆಯ ಟೀಚರಮ್ಮ ಬರುವರು.

"ಒಳಗಿನ ಗಾಳಿ ಕುಗ್ಗುತ್ತೆ ತಾಯಿ, ನಿಮ್ಮನ್ನ ನೋಡಿದ ಹುಡುಗರ ಥರ. ಹೋಗಿ ಗಾಳಿ ಹಿಡಿಸಿ. ಜಾರೋ ರಸ್ತೇಲಿ ಬ್ರೇಕನ್ನ ಒದೀಬೇಡಿ. ಮಲಗಿದ ಮಗೂನ ತೊಟ್ಟಿಲಿಗೆ ಇಳಿಸೋ ಹಾಗೆ ಮೆಲ್ಲಗೆ ಒತ್ತಿ."

ಹೇಳಿದ್ದೆಲ್ಲ ಸರಿಯೇ. ಊನ ಇದ್ದದ್ದು ಒಂದೇ. ಚಳಿಗಾಲ ಬಂತೆಂದರೆ ಮಾವ ಕಾರನ್ನು ಗೇಟು ದಾಟಿಸುತ್ತಿರಲಿಲ್ಲ. ರಾತ್ರಿ ಇಂಜಿನ್ನಿಗೆ ಕಂಬಳಿ ಹೊದಿಸುವರು. ಬೆಳಿಗ್ಗೆ ಅದನ್ನು ತೆಗೆದು, ಇಂಜಿನ್ ಸ್ಟಾರ್ಟ್ ಮಾಡಿ, ಹೀಟರು, ದೀಪ, ವೈಪರು, ರೇಡಿಯೊ ಎಲ್ಲವನ್ನೂ ಹಾಕಿಕೊಂಡು ಒಳಗೆ ಕೂತು ಒಂದು ಲೋಟ ಕಾಫಿ ಕುಡಿಯುವರು. ಕಾಫಿ ಮುಗಿಯಿತೋ, ಎಲ್ಲ ಆರಿಸಿ ಇಳಿಯುವರು. ದಿನವೂ ಕುದುರೆಗೆ ಜೀನು ಬಿಗಿಯುವುದು, ಬಿಚ್ಚುವುದು. ಸವಾರಿ ಮಾತ್ರ ಇಲ್ಲ.

ಆ ಕಂಬಳಿ ಅತ್ತೆಯದು. "ಕಾರಿಗೆ ನೆಗಡಿ ಆಗ್ಬಾರ್ದು, ನನ್ನ ಮಂಡಿ ಮರಗಟ್ಟಿದ್ರೂ ಚಿಂತೆಯಿಲ್ಲ," ಎಂದು ಆಕೆ ಒಲೆಯ ಮುಂದೆ ಗೊಣಗುವರು. "ನಿನ್ನ ಮಂಡಿಗೆ ಬಿಡಿಭಾಗ ಸಿಗಲ್ಲ ಕಣೇ, ಹೊದ್ದೂ ಏನು ಪ್ರಯೋಜನ," ಎಂದು ಮಾವ.

ಸೊಸೆ ನರ್ಸು. ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಒಂದು ಒಳ್ಳೆಯ ಕೆಲಸಕ್ಕೆ ಅವಳನ್ನು ಆರಿಸಿದ್ದರು. ಆದರೆ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು. ಇಲ್ಲವಾದರೆ ಕೆಲಸ ಇನ್ನೊಬ್ಬಳ ಪಾಲು. ಡ್ರೈವಿಂಗ್ ಶಾಲೆಗೆ ಹೋಗಿ ಕಲಿತಿದ್ದಳು. ಪರೀಕ್ಷೆಯ ಹಿಂದಿನ ಸಂಜೆ ಶಾಲೆಯ ಕಾರನ್ನು ಇನ್ನೊಬ್ಬ ಶಿಷ್ಯ ದೀಪದ ಕಂಬಕ್ಕೆ ಒಪ್ಪಿಸಿಬಿಟ್ಟ. ಗಂಡನಿಗೆ ಗಿರಣಿಯಲ್ಲಿ ರಾತ್ರಿ ಪಾಳಿ, ಪರೀಕ್ಷೆಯ ದಿನ ಬೆಳಗಾದರೂ ಇನ್ನೂ ಬಂದಿರಲಿಲ್ಲ. ಟೈಲರನ ಕಾರು ನಸುಕಿಗೇ ಅವನ ಹೆಂಡತಿಯೊಡನೆ ಸಂತೆಗೆ ಹೋಗಿತ್ತು, ಟೀಚರಮ್ಮನ ಕಾರಿನ ಟೈರು ಮತ್ತೆ ಮೆತ್ತಗಾಗಿತ್ತು. ಉಳಿದದ್ದು ಮಾವನ ಕಾರೊಂದೇ.

"ಈ ಚಳೀಲಾ?" ಎಂದರು ಮಾವ, ಹಸುಗೂಸನ್ನು ಹೊಳೆಗೆ ಎಸೆಯಲು ಕೇಳಿದವರ ಹಾಗೆ.

"ಕೊಡದೆ ಇದ್ರೆ ಇವತ್ತಿಂದ ಕಾಫಿಯನ್ನ ನಿಮ್ಮ ಕಾರಿನ ಹತ್ರಾನೇ ಮಾಡಿಸ್ಕೊಳ್ಳಿ," ಎಂದರು ಅತ್ತೆ ಒಳಗಿನಿಂದ.

ಸೊಸೆ ಕೂತು ಕೀಲಿ ತಿರುಗಿಸಿದಳು. ಟಕ್. ಮತ್ತೆ ತಿರುಗಿಸಿದಳು. ಟಕ್ ಎನ್ನುವುದಕ್ಕೂ ಶಕ್ತಿಯಿಲ್ಲ. ಬ್ಯಾಟರಿ ಸತ್ತಿತ್ತು. ನಿಂತಲ್ಲೇ ಗುರುಗುಟ್ಟುವ ಇಂಜಿನ್ ತುಂಬಿದ್ದಕ್ಕಿಂತ ಹೆಚ್ಚನ್ನು ದಿನಾ ಬೆಳಿಗ್ಗೆ ದೀಪ, ಹೀಟರು, ರೇಡಿಯೊ ಸೇರಿ ಹೀರಿದ್ದವು. ಕಾರು ನಾಲ್ಕು ಮಾರು ಓಡಿದ್ದರೆ ತಾನೇ ಅದು ಮತ್ತೆ ತುಂಬಿಕೊಳ್ಳುವುದು?

ಮಾವ ಬಾನೆಟ್ ಎತ್ತಿ ತಲೆ ಒಳಗಿಟ್ಟರು. ಈ ಸಲ ಬಹಳ ಹೊತ್ತು ಹೊರಗೆ ತೆಗೆಯಲೇ ಇಲ್ಲ.

"ತಳ್ಳೋಣ," ಎಂದ ಟೈಲರ್. ಅವನ ಕಾರಿಗೆ ಸ್ನಾನವಾಗಿ ಯಾವ ಕಾಲವಾಗಿತ್ತೋ, ಅದು ಮಾತ್ರ ದಿನವೂ ಕರೆದ ಕೂಡಲೇ ಓಗೊಡುತ್ತಿತ್ತು. ಟೀಚರಮ್ಮ ಸ್ವೆಟರಿನ ತೋಳು ಮಡಚಿದರು. ಅತ್ತೆಯೂ ಬಂದು ಕೈ ಹಚ್ಚಿದರು.

"ಮೆಲ್ಲಗೆ ತಳ್ರಪ್ಪಾ, ಮಗೂನ ತೊಟ್ಟಿಲಿಗೆ ಇಳಿಸೋ ಹಾಗೆ," ಎಂದರು ಟೀಚರಮ್ಮ.

"ಮಾವಾ, ಬ್ಯಾಟರಿಗೆ ನಾಲ್ಕು ಹೊಲಿಗೆ ಹಾಕ್ಲಾ?" ಎಂದ ಟೈಲರ್.

"ಮಾತು ಕಮ್ಮಿ ಮಾಡಿ ತಳ್ಳಯ್ಯಾ!" ಎಂದರು ಮಾವ. ಮುಖ ಕೆಂಪಗಾಗಿತ್ತು, ಚಳಿಗೆ ಮಾತ್ರವಲ್ಲ.

ಇಳಿಜಾರು ಬಂದ ಕೂಡಲೇ ಸೊಸೆ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಎಗರಿ, ಹೊಗೆ ಕಾರಿ, ಜೀವ ತಳೆಯಿತು. ಮಾವ ಓಡಿ ಬಂದು ಪಕ್ಕದಲ್ಲಿ ಕೂತರು.

"ಎಡಕ್ಕೆ ತಿರುಗಿಸು, ಪರೀಕ್ಷೆ ಮೈದಾನ ಅಲ್ಲೇ."

ಸೊಸೆ ಬಲಕ್ಕೆ ತಿರುಗಿಸಿದಳು. "ಊರು ಸುತ್ತಿ ಹೋಗ್ತೀನಿ ಮಾವ. ಅಲ್ಲಿ ಆಫ್ ಮಾಡಿ ಸ್ಟಾರ್ಟ್ ಮಾಡು ಅಂದ್ರೆ ಏನು ಗತಿ? ಬ್ಯಾಟರಿಗೆ ಸ್ವಲ್ಪ ಉಸಿರು ಬರ್ಲಿ."

"ತಡವಾಗುತ್ತಮ್ಮಾ!"

"ತಡವಾದ್ರೆ ಬೈತಾರೆ. ನಿಂತ್ರೆ ಕಳಿಸಿಬಿಡ್ತಾರೆ."

ಹೀಟರು, ರೇಡಿಯೊ ಎರಡನ್ನೂ ಅವಳು ಮುಟ್ಟಲಿಲ್ಲ. ಮಾವ ರೇಡಿಯೊ ಕಡೆ ಚಾಚಿದ ಕೈಯನ್ನು ತಾವೇ ಹಿಂದೆ ತೆಗೆದು, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡರು.

ಮೈದಾನ ಮುಟ್ಟಿದಾಗ ಕೊನೆಯ ಅಭ್ಯರ್ಥಿ ಇಳಿದು ಹೋಗುತ್ತಿದ್ದ. ಪರೀಕ್ಷೆ ಮಾಡುವ ಮೇಡಂ ಮಫ್ಲರಿನೊಳಗಿಂದ ಗದರಿದರು: "ಇದೇ ಏನಮ್ಮಾ ಬರೋ ಹೊತ್ತು?" ಮಾವ ಹಿಂದಿನ ಸೀಟಿಗೆ ಹೋದರು. ಸೊಸೆ ಮೈದಾನ ಸುತ್ತಿದಳು, ಹಿಂದಕ್ಕೆ ತೆಗೆದಳು, ಗೆರೆಗಳ ನಡುವೆ ನಿಲ್ಲಿಸಿದಳು.

"ಆಫ್ ಮಾಡಿ. ಈಗ ಸ್ಟಾರ್ಟ್ ಮಾಡಿ."

ಹಿಂದಿನ ಸೀಟಿನಲ್ಲಿ ಮಾವ ಮುಂದಕ್ಕೆ ಬಾಗಿದರು. ಸೊಸೆ ಕೀಲಿ ತಿರುಗಿಸಿದಳು. ಕಾರು ಕೆಮ್ಮಿತು, ಗೊರಗೊರ ಎಂದಿತು, ಇನ್ನೇನು ಮಲಗಿತು ಎನ್ನುವಾಗ ಎದ್ದಿತು.

"ಏನಿದು, ಕಾಯಿಲೆ ಬಿದ್ದವರ ಥರ ಕೆಮ್ಮುತ್ತೆ? ದಿನಾ ಓಡಿಸಲ್ವಾ ಇದನ್ನ?"

ಸೊಸೆ ಕನ್ನಡಿ ನೋಡಿದಳು. ಅದರಲ್ಲಿ ಮಾವನ ಎರಡು ಕಣ್ಣು, ಕೌಂಟರಿನ ಮುಂದೆ ಮೊದಲ ಸಲ ಅರ್ಜಿ ಹಿಡಿದು ನಿಂತವರ ಕಣ್ಣು. ಹೇಳುವುದಕ್ಕೆ ಬೇಕಾದಷ್ಟಿತ್ತು.

"ಚಳಿ ಮೇಡಂ," ಎಂದಳು. "ಇವತ್ತಿಂದ ದಿನಾ ನಾನೇ ಓಡಿಸ್ತೀನಿ. ಅಲ್ವಾ ಮಾವ?"

ಮೇಡಂ ಹಿಂದಕ್ಕೆ ತಿರುಗಿದರು. ಮಾವ ಒಮ್ಮೆ ಕಾರಿನ ಚಾವಣಿ ನೋಡಿದರು, ಒಮ್ಮೆ ಕಿಟಕಿ ನೋಡಿದರು. "ಹೂಂ," ಎಂದರು.

"ಪಾಸ್," ಎಂದರು ಮೇಡಂ.

ಮರುವಾರ ಸೊಸೆ ಕೆಲಸಕ್ಕೆಂದು ಕಾರು ಗೇಟು ದಾಟಿಸುವಾಗ ಮಾವ ಬೀದಿಯಲ್ಲಿ ಟೈಲರನ ಮುಂದೆ ಬೆರಳು ಆಡಿಸುತ್ತ ನಿಂತಿದ್ದರು.

"ಬ್ಯಾಟರಿ ಅನ್ನೋದು ಓಡಿದಷ್ಟೂ ಗಟ್ಟಿ ಕಣಯ್ಯಾ. ನಿಲ್ಲಿಸಿ ಮುದ್ದು ಮಾಡಿದ್ರೆ ಕೆಡುತ್ತೆ. ನಾನು ಮೊದಲಿಂದ ಬಡ್ಕೋತಾನೇ ಇದ್ದೀನಿ, ಯಾರು ಕೇಳ್ತೀರಿ?"

"ಹೌದು ಮಾವಾ," ಎಂದ ಟೈಲರ್, ನಗು ನುಂಗಿಕೊಂಡು.

ಜಗಲಿಯ ಮೇಲೆ ಅತ್ತೆ ಕೂತಿದ್ದರು. ಮಂಡಿಯ ಮೇಲೆ ಕಂಬಳಿ. ಎರಡು ಸಲ ಒಗೆದರೂ ಎಣ್ಣೆಯ ವಾಸನೆ ಹೋಗಿರಲಿಲ್ಲ, ಬೆಚ್ಚಗಂತೂ ಇತ್ತು.