ಅಟ್ಟ ಇಳಿಸಿದ ಮೇಲೆ

ನಮ್ಮ ಮನೆಯಲ್ಲಿ ಯಾವುದಕ್ಕೂ ‘ಇಲ್ಲ’ ಎನ್ನುವ ರೂಢಿಯಿಲ್ಲ. ‘ಅಟ್ಟ ಇಳಿಸಿದ ಮೇಲೆ ನೋಡೋಣ’ ಎನ್ನುತ್ತಾರೆ. ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿದರೆ ಒಳಗಿನ ನೀರೆಲ್ಲ ಇಂಗಿ, ಕಾಯಿ ಕೊಬ್ಬರಿಯಾಗಿ ಚಿಪ್ಪು ಬಿಡುವುದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಾಡಿಸಿದರೆ ಗಡಗಡ ಅನ್ನಬೇಕು, ಆಮೇಲೆಯೇ ಇಳಿಸಿ ಕೊಬ್ಬರಿ ಮಾರುವುದು. ಅಲ್ಲಿಯವರೆಗೆ ಗೋಡೆಯ ಸುಣ್ಣ, ನನ್ನ ಹಲ್ಲುನೋವು, ಹಿತ್ತಲ ಬಾಗಿಲಿನ ಮುರಿದ ಚಿಲಕ ಎಲ್ಲವೂ ಕಾಯುತ್ತವೆ. ಮದುವೆಯಾದ ಹೊಸದರಲ್ಲಿ ಈ ಮಾತು ನನಗೆ ಚೆಂದವಾಗಿ ಕೇಳಿಸುತ್ತಿತ್ತು.

ನನ್ನ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದದ್ದು ಕಾಯಿ ಅಟ್ಟಕ್ಕೇರಿದ ವಾರವೇ. ಇಪ್ಪತ್ತನೇ ವಯಸ್ಸಿನಲ್ಲಿ ಮಾಡಿಸಿದ್ದು. ಅಪ್ಪ ಪಕ್ಕದಲ್ಲಿ ಕೂತು, ಒಂದು ಸಲವೂ ಸ್ಟೇರಿಂಗಿಗೆ ಕೈ ಹಾಕದೆ ಕಲಿಸಿದ್ದರು. ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಅವರ ಹೆಸರಿತ್ತು. ಮದುವೆಯ ನಂತರ ನಾನು ಕಾರು ಓಡಿಸಿದ್ದು ಹೆಚ್ಚೆಂದರೆ ಅಂಗಳದ ಈ ತುದಿಯಿಂದ ಆ ತುದಿಗೆ, ಕಾಯಿ ತುಂಬಿದ ಟ್ರ್ಯಾಕ್ಟರ್ ಬಂದಾಗ ಜಾಗ ಬಿಡುವುದಕ್ಕೆ. ಹೀಗಾಗಿ ಅವಧಿ ಮುಗಿದದ್ದರ ಬಗ್ಗೆ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ.

ಸಂಕ್ರಾಂತಿಗೆ ಇನ್ನೂ ಒಂದು ತಿಂಗಳಿರುವಾಗ ತಿಪಟೂರಿನಿಂದ ಫೋನ್ ಬಂತು. ನಾನು ಓದಿದ ಕಾನ್ವೆಂಟಿನ ದೊಡ್ಡ ಸಿಸ್ಟರ್. ಬರುವ ಜೂನ್‌ನಿಂದ ಐದು, ಆರನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡಲು ಜನ ಬೇಕು, ನೀನು ಬರುತ್ತೀಯಾ ಎಂದರು. ಒಂದೇ ಷರತ್ತು: ಒಂಬತ್ತರ ಪ್ರೇಯರ್ ಬೆಲ್ಲಿಗೆ ಮುಂಚೆ ಅಲ್ಲಿರಬೇಕು. ನಮ್ಮೂರು ದಬ್ಬೇಘಟ್ಟದ ಕಡೆ, ಮುಖ್ಯರಸ್ತೆಯಿಂದ ಒಳಗೆ. ಮೊದಲ ಬಸ್ಸು ತಿಪಟೂರು ಸೇರುವಾಗ ಒಂಬತ್ತೂಕಾಲು. ಕಾರಿನಲ್ಲಾದರೆ ಮುಕ್ಕಾಲು ಗಂಟೆ. ಕಾರು ಅಂಗಳದಲ್ಲೇ ನಿಂತಿರುತ್ತದೆ, ವಾರಕ್ಕೆ ಎರಡು ಸಲ ಹೊರಡುತ್ತದೆ.

ಯಜಮಾನರಿಗೆ ಹೇಳಿದೆ. ಅವಧಿ ಮುಗಿದ ಒಂದು ವರ್ಷದೊಳಗೆ ನವೀಕರಿಸಿದರೆ ಟೆಸ್ಟ್ ಇರುವುದಿಲ್ಲ ಎಂಬುದನ್ನೂ ಹೇಳಿದೆ.

“ಒಂದ್ ವರ್ಸ ಟೈಮೈತೆ ಅಂತ ನೀನೇ ಹೇಳ್ತಿದ್ದೀಯಲ್ಲೇ,” ಎಂದರು. “ಅಟ್ಟನೂ ಒಂದ್ ವರ್ಸದೊಳಗೇ ಇಳಿಯೋದು. ಇಳಿಸ್ಬುಟ್ಟು ಹೋಗುವ.”

ಅತ್ತೆ ಅವರೇಕಾಯಿ ಸುಲಿಯುತ್ತಾ, “ಊರಿಗ್ ಮುಂಚೆ ಇವ್ಳ್ ಕಾರ್ ಹತ್ಕೊಂಡ್ ಹೋದ್ರೆ ಹಾಲ್ ಕರೆಯೋರ್ ಯಾರು, ನಾನಾ?” ಎಂದರು. ನಾನು ಸಿಪ್ಪೆ ಬಾಚಿಕೊಂಡು ಹೋಗಿ ಹಸುವಿಗೆ ಹಾಕಿದೆ.

ಒಬ್ಬಳೇ ಬಸ್ಸು ಹತ್ತಿ ಆರ್‌ಟಿಓ ಕಚೇರಿಗೆ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನೀರು ಕುಡಿಯಲು ಹೋಗುವುದಕ್ಕೂ ಕೈ ಎತ್ತಿ ಅಪ್ಪಣೆ ಕೇಳುವುದನ್ನು ಹತ್ತು ವರ್ಷ ಕಲಿತವಳು ನಾನು. ಅದನ್ನು ಕಲಿಸಿದ್ದೂ ಅದೇ ಕಾನ್ವೆಂಟ್.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೊನೆಯ ದಿನಾಂಕಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದೆ. ಪೆನ್ನಿನಲ್ಲಿ ಹಾಕುವ ಧೈರ್ಯವಾಗಲಿಲ್ಲ. ಮಾರ್ಚ್‌ನಲ್ಲಿ ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಇನ್ನೂ ನೀರಿನ ಸದ್ದು. ಏಪ್ರಿಲ್‌ನಲ್ಲಿ ಮತ್ತೊಂದು. ಗಡಗಡ ಎಂದಿತು. ಆದರೆ ಸುಲಿಯುವವರು ಹುಳಿಯಾರಿನ ಕಡೆ ಹೋಗಿದ್ದರು. ಅವರು ಬಂದು, ಸುಲಿದು, ಒಡೆದು, ಕೊಬ್ಬರಿ ಚೀಲ ಸೇರುವಾಗ ನನ್ನ ಪೆನ್ಸಿಲ್ ಸುತ್ತು ಹಿಂದಕ್ಕೆ ಉಳಿದಿತ್ತು.

ಆರ್‌ಟಿಓ ಕಚೇರಿಯ ಕಿಟಕಿಯ ಹಿಂದಿದ್ದ ಗುಮಾಸ್ತರು ಕಾರ್ಡನ್ನು ತಿರುಗಿಸಿ ನೋಡಿದರು. “ಒಂದ್ ವರ್ಸದ್ ಮೇಲೆ ಹನ್ನೊಂದ್ ದಿನ ಆಗೈತಲ್ಲಮ್ಮ. ಹೊಸದಾಗಿ ಎಲ್‌ಎಲ್‌ಆರ್ ಮಾಡ್ಸಿ, ಒಂದ್ ತಿಂಗ್ಳು ಬುಟ್ಟು ಟೆಸ್ಟಿಗ್ ಬರ್ಬೇಕು.”

“ಹನ್ನೊಂದೇ ದಿನ ಅಲ್ವಾ ಸಾರ್,” ಎಂದರು ಯಜಮಾನರು.

“ನಾನ್ ತಗಂಡ್ರೂ ಕಂಪ್ಯೂಟರ್ ತಗಳಲ್ಲ ಸ್ವಾಮಿ.”

ಶಾಲೆ ಶುರುವಾಗಲು ಎರಡು ವಾರವಿತ್ತು. ನಾನು ಗುಮಾಸ್ತರಿಗೆ ಥ್ಯಾಂಕ್ಯೂ ಹೇಳಿದೆ. ಯಾತಕ್ಕೆಂದು ಅವರಿಗೂ ತಿಳಿಯಲಿಲ್ಲ, ತಲೆ ಎತ್ತಿ ನೋಡಿದರು.

ಹೊರಗೆ ಜೆರಾಕ್ಸ್ ಅಂಗಡಿಯ ನೆರಳಲ್ಲಿ ಅರ್ಜಿ ತುಂಬಿಕೊಡುವ ಏಜೆಂಟ್ ಒಬ್ಬ ಕೂತಿದ್ದ. ಯಜಮಾನರನ್ನೂ ನನ್ನ ಕೈಯಲ್ಲಿದ್ದ ಕಾರ್ಡನ್ನೂ ಕಂಡು ನಕ್ಕ. “ಏನಣ್ಣ, ಅಕ್ಕಂದೂ ಆಗ್ಲೇ ಕೊಡೋದಲ್ವಾ? ಸಂಕ್ರಾಂತಿ ಮುಂದೆ ನಿಮ್ ಲೈಸೆನ್ಸ್ ರಿನೀವಲ್ ಮಾಡ್ಕೊಟ್ನಲ್ಲ, ಅದ್ರ ಜೊತೇಲೇ ಮುಗಿದೋಗದು. ಒಂದ್ ವಾರದ್ ಕೆಲ್ಸ.”

ಸಂಕ್ರಾಂತಿಯಲ್ಲಿ ನಮ್ಮ ಅಟ್ಟ ತುಂಬಿತ್ತು. ಏಣಿಯ ಮೇಲಿನ ಮೆಟ್ಟಿಲಿನವರೆಗೂ ಕಾಯಿ.

ಯಜಮಾನರು ರಸ್ತೆಯಾಚೆಯ ಎಳನೀರಿನ ಗಾಡಿಯ ಕಡೆ ನೋಡುತ್ತಾ ನಿಂತರು. ತೋಟದ ಯಜಮಾನ ದುಡ್ಡು ಕೊಟ್ಟು ಎಳನೀರು ಕೊಂಡು ನನ್ನ ಕೈಗೆ ಕೊಟ್ಟಿದ್ದು ಅದೊಂದೇ ಸಲ. ಕುಡಿದೆ. ಕಾರು ಊರು ದಾಟಿದ ಮೇಲೆ ನಾನು ಕೇಳದಿದ್ದರೂ ಅವರೇ ಹೇಳಿದರು: “ನಂದ್ ಬೇರೆ ಕಣೇ. ಗಾಡಿ ಓಡ್ಸೋನು ನಾನಲ್ವಾ?”

ಸಿಸ್ಟರಿಗೆ ಫೋನ್ ಮಾಡಿ ಆಗುವುದಿಲ್ಲವೆಂದೆ. ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಎಂದರು. ಜಾಗಕ್ಕೆ ಹುಳಿಯಾರಿನ ಒಬ್ಬ ಹುಡುಗಿಯನ್ನು ತೆಗೆದುಕೊಂಡರಂತೆ. ಅತ್ತೆ, “ಆಯ್ತು ಬುಡು, ನಿಂಗೇನ್ ಮನೇಲಿ ಕಮ್ಮಿ ಆಗೈತೆ?” ಎಂದರು. ಸಮಾಧಾನಕ್ಕೆಂದೇ ಹೇಳಿದ್ದು, ನನಗೆ ಗೊತ್ತು.

ಆದರೂ ಎಲ್‌ಎಲ್‌ಆರ್ ಮಾಡಿಸಿದೆ. ಈ ಸಲ ಯಾರನ್ನೂ ಕೇಳಲಿಲ್ಲ, ಬಸ್ಸಿನಲ್ಲಿ ಹೋದೆ. ಕೇಳದೆ ಹೋದರೂ ಏನೂ ಆಗಲಿಲ್ಲ, ಸಂಜೆ ಎಲ್ಲರೂ ಊಟ ಮಾಡಿದರು. ಇಷ್ಟು ಸುಲಭವಿತ್ತೆಂದು ತಿಳಿದ ಆ ದಿನವೇ ನನಗೆ ಎಲ್ಲಕ್ಕಿಂತ ಹೆಚ್ಚು ಕಹಿಯಾದದ್ದು. ಟೆಸ್ಟಿನಲ್ಲಿ ಮೀಸೆ ಮೂಡದ ಹುಡುಗರ ಸಾಲಿನಲ್ಲಿ ನಿಂತು, ಒಂದೇ ಸಲಕ್ಕೆ ಪಾಸಾದೆ. ಕಾರ್ಡು ಅಂಚೆಯಲ್ಲಿ ಬಂತು. ಅಪ್ಪನ ಹೆಸರಿದ್ದ ಕಡೆ ಈಗ ಯಜಮಾನರ ಹೆಸರು.

ಅವರಿಗೆ ನಿಜವಾಗಿಯೂ ಖುಷಿಯಾಯಿತು. “ಒಳ್ಳೇದೇ ಆಯ್ತು ಕಣೇ,” ಎಂದು ಕಾರಿನ ಕೀ ತಾವೇ ಕೊಟ್ಟರು. “ದನಕ್ಕೆ ಹಿಂಡಿ ಬೂಸಾ ತರಕ್ಕೆ ಇನ್ ನಾನೇ ಓಡಾಡೋದ್ ತಪ್ತು.”

ಮೊನ್ನೆ ಹಾಲು ಕರೆದು, ತಿಂಡಿ ಮುಗಿಸಿ ಹೊರಟೆ. ಬೂಸಾ ಅಂಗಡಿ ಕಾನ್ವೆಂಟಿನ ರಸ್ತೆಯಲ್ಲೇ ಇದೆ. ಅಂಗಡಿ ಇನ್ನೂ ತೆಗೆದಿರಲಿಲ್ಲ. ಎದುರಿನ ಗೇಟಿನಲ್ಲಿ ಮಕ್ಕಳು ನುಗ್ಗುತ್ತಿದ್ದರು, ಒಬ್ಬಳ ಜಡೆಯ ರಿಬ್ಬನ್ ಬಿಚ್ಚಿ ನೆಲ ಗುಡಿಸುತ್ತಿತ್ತು. ನಾನು ಎಂಜಿನ್ ಆಫ್ ಮಾಡಿ ಗಡಿಯಾರ ನೋಡಿದೆ. ಪ್ರೇಯರ್ ಬೆಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು.