ಸರಪಂಚ ಯಮುನವ್ವ ಕಳಿಸಿಕೊಟ್ಟ ಮಗ

ಕೊಲ್ಹಾಪುರ ಸೀಮೆಯ ನೂಲ ಗ್ರಾಮದ ಆಚೆಗಿನ ಒಂದು ಸಣ್ಣ ಊರಿನಲ್ಲಿ ಪಂಚಾಯತಿಯ ಸರಪಂಚಗಿರಿ ಹೆಂಗಸರಿಗೆ ಮೀಸಲಾದ ವರ್ಷ, ಊರ ಮುಖಂಡ ಬಾಳಾಸಾಹೇಬರು ಯಮುನವ್ವನನ್ನು ಹುಡುಕಿಕೊಂಡು ಕುರಿದೊಡ್ಡಿಗೇ ಬಂದರು. ಕುರುಬರ ಮನೆತನದ ವಿಧವೆ, ಬರೆಯಲು ಬರುವುದು ತನ್ನ ಹೆಸರೊಂದೇ, ಯಾರ ಜಗಳಕ್ಕೂ ಹೋದವಳಲ್ಲ. ಇಂಥವಳು ಕುರ್ಚಿಯಲ್ಲಿ ಕೂತರೆ ಊರಿನ ಕಾರಭಾರ ತಮ್ಮ ಕೈಯಲ್ಲೇ ಉಳಿಯುತ್ತದೆಂದು ಅವರು ಎಣಿಸಿದ್ದರು. ಯಮುನವ್ವನಿಗೆ ಅದು ತಿಳಿಯದೆ ಇರಲಿಲ್ಲ. ಆದರೂ ಹೂಂ ಅಂದಳು.

ಅವಳಿಗೆ ಓದು ಬಾರದಿದ್ದರೂ ಪಾಂಡವರ ಕಥೆ ಪೂರ್ತಿ ಬರುತ್ತಿತ್ತು. ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ ಅವಳ ಅಪ್ಪ ಸಂಜೆ ಒಲೆಯ ಮುಂದೆ ಅದನ್ನು ಹೇಳುತ್ತಿದ್ದ. ಬಕಾಸುರನಿಗೆ ದಿನಕ್ಕೊಂದು ಮನೆಯಿಂದ ಒಬ್ಬರು ಬಂಡಿ ಅನ್ನದ ಜೊತೆ ಹೋಗಬೇಕು; ತಮಗೆ ಆಸರೆ ಕೊಟ್ಟ ಬಡ ಬ್ರಾಹ್ಮಣನ ಸರದಿ ಬಂದ ದಿನ ಕುಂತಿ ತನ್ನ ಮಗ ಭೀಮನನ್ನೇ ಕಳಿಸುತ್ತಾಳೆ. ಈ ಕಥೆಯಲ್ಲಿ ಗಟ್ಟಿಯವರು ಯಾರು ಎಂದು ಅಪ್ಪ ಕೇಳುತ್ತಿದ್ದ. ಮಕ್ಕಳೆಲ್ಲ ಭೀಮ ಅನ್ನುತ್ತಿದ್ದರು. ಅಪ್ಪ ತಲೆಯಾಡಿಸಿ, ಅಲ್ಲ, ಕುಂತಿ ಅನ್ನುತ್ತಿದ್ದ.

ಮೊದಲ ವರ್ಷ ಯಮುನವ್ವ ತೋರಿಸಿದಲ್ಲಿ ಸಹಿ ಮಾಡಿದಳು. ಎರಡನೆಯ ವರ್ಷ ಊರಿಗೆ ನೀರಿನ ಟಾಕಿ ಮಂಜೂರಾಯಿತು. ಕಟ್ಟಬೇಕಾದ ಜಾಗ ಊರ ಗಾಯರಾಣ. ದನ ಮೇಯಲು ಬಿಟ್ಟಿದ್ದ ಆ ಸರಕಾರಿ ಜಮೀನಿನ ಒಂದು ಅಂಚಿನಲ್ಲಿ ಕೂಲಿಕಾರ ಕಾಡಪ್ಪನದು ಸೇರಿ ಮೂರು ಗುಡಿಸಲು, ಇನ್ನೊಂದು ಅಂಚಿನಲ್ಲಿ ಬಾಳಾಸಾಹೇಬರ ಹೊಲದಿಂದ ಒಳನುಗ್ಗಿದ ನಾಲ್ಕು ಸಾಲು ಕಬ್ಬು. ನಟ್ಟನಡುವೆ ಯಮುನವ್ವನ ಮಗ ದತ್ತಾನ ತಗಡಿನ ಶೆಡ್ಡು. ನಕಾಶೆಯ ಪ್ರಕಾರ ಟಾಕಿ ಏಳಬೇಕಾದದ್ದು ಶೆಡ್ಡಿನ ಜಾಗದಲ್ಲೇ, ಸುತ್ತಲಿನ ಒತ್ತುವರಿಯೂ ತೆರವಾಗಬೇಕಿತ್ತು. ದತ್ತಾ ಇಚಲಕರಂಜಿಯ ಮಗ್ಗದ ಕಾರಖಾನೆಯಲ್ಲಿ ಎಂಟು ವರ್ಷ ದುಡಿದು, ಎರಡು ಹಳೆಯ ಪಾವರಲೂಮ್ ಕೊಂಡು ಊರಿಗೆ ತಂದಿದ್ದ. ಹೆಂಡತಿ ದೀಪಾಲಿ ಅವನ ಜೊತೆ ಕೂತು ನೂಲು ಸುತ್ತುತ್ತಿದ್ದಳು.

ಬಾಳಾಸಾಹೇಬರು ಒಂದು ದಾರಿ ತೋರಿಸಿದರು. ಟಾಕಿಯನ್ನು ಸ್ವಲ್ಪ ಗುಡಿಸಲುಗಳ ಕಡೆ ಸರಿಸಿದರೆ ಶೆಡ್ಡೂ ಉಳಿಯುತ್ತದೆ, ಕಬ್ಬೂ ಉಳಿಯುತ್ತದೆ. ಕಾಡಪ್ಪನಂಥವರು ಎಲ್ಲಾದರೂ ಬದುಕಿಕೊಳ್ಳುತ್ತಾರೆ. ಯಮುನವ್ವ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ಮಗನ ಹತ್ತಿರವೂ. ಮೂರನೆಯ ದಿನ ಗ್ರಾಮಸಭೆ. ಗ್ರಾಮಸೇವಕಿ ನೂತನ ಮೇಡಂ ಮರಾಠಿಯಲ್ಲಿ ನಕಾಶೆ ಓದಿ ಮುಗಿಸಿದ ಮೇಲೆ ಯಮುನವ್ವ ಎದ್ದು ನಿಂತಳು.

“ಟಾಕಿ ನಕಾಶೆದಾಗ ಇದ್ದಲ್ಲೇ ಆಗಲಿ. ಮದಲ ನನ್ನ ಮಗನ ಶೆಡ್ಡ ತಗೀರಿ. ಆಮ್ಯಾಲ ಕಬ್ಬ. ಗುಡಸಲದವ್ರಿಗೆ ಊರಾಗ ಜಾಗಾ ಕೊಟ್ಟ ಮ್ಯಾಲ ಅವ್ರನ್ನ ಎಬ್ಬಸೂನು.”

ಹಿಂದಿನ ಸಾಲಿನಲ್ಲಿದ್ದ ದತ್ತಾನಿಗೆ ವಿಷಯ ತಿಳಿದದ್ದು ಆಗಲೇ, ಊರವರ ಜೊತೆಗೇ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸರಪಂಚಳ ಮಗನ ಶೆಡ್ಡೇ ಹೋಗುವಾಗ ಬಾಳಾಸಾಹೇಬರಿಗೆ ಕಬ್ಬಿನ ಮಾತು ಎತ್ತಲು ಬಾಯಿ ಉಳಿಯಲಿಲ್ಲ. ಮರುವಾರ ದತ್ತಾ ತಗಡುಗಳನ್ನು ತಾನೇ ಬಿಚ್ಚಿದ. ಮಗ್ಗಗಳನ್ನು ಟೆಂಪೋಗೆ ಹೇರಿ, ದೀಪಾಲಿಯನ್ನೂ ಕರೆದುಕೊಂಡು ಇಚಲಕರಂಜಿಗೆ ಹೋದ. ಅವ್ವನಿಗೆ ಹೋಗಿ ಬರುತ್ತೇನೆಂದು ಹೇಳಲಿಲ್ಲ. ಎಂಟು ತಿಂಗಳು ಅವನ ಫೋನು ಬರಲಿಲ್ಲ. ದೀಪಾಲಿ ಮಾತ್ರ ಆಗಾಗ ಕದ್ದು ಮಾತಾಡುತ್ತಿದ್ದಳು.

ಟಾಕಿ ಎದ್ದಿತು. ಕಾಡಪ್ಪ ಊರೊಳಗಿನ ಹೊಸ ಜಾಗದಲ್ಲಿ ಗೋಡೆ ಏರಿಸಿದ. ಆ ಬೇಸಿಗೆಯಲ್ಲಿ ಕೊಲ್ಹಾಪುರದಲ್ಲಿ ಮಹಿಳಾ ಸರಪಂಚರ ಸತ್ಕಾರ ಇಟ್ಟುಕೊಂಡರು. ಮುಖ್ಯ ಅತಿಥಿಗಳು ಉದ್ದಕ್ಕೆ ಭಾಷಣ ಮಾಡಿದರು. ಹಿಂದಿನ ಕಾಲದ ವೀರರಿಗೆ ತೋಳಬಲವಿತ್ತು, ಈಗಿನ ಮುಂದಾಳುಗಳಿಗೆ ಮನೋಬಲ ಬೇಕು ಎಂದು ಹೇಳಿ, ಯಮುನಾಬಾಯಿ ನಮ್ಮ ಕಾಲದ ಭೀಮ ಎಂದರು. ಶಾಲು ಹೊದಿಸಿ ಅವಳ ಮುಂದೆ ಮೈಕು ಹಿಡಿದರು.

ಅವಳು ತನಗೆ ಬರುವಷ್ಟು ಮರಾಠಿಯಲ್ಲಿ, ತಾನು ಭೀಮನಲ್ಲ, ಆ ದಿನ ತನಗೆ ನೆನಪಾದವಳು ಕುಂತಿ ಎಂದು ಹೇಳಿ, ಬಕಾಸುರನ ಕಥೆ ಶುರು ಮಾಡಿದಳು. ಬ್ರಾಹ್ಮಣನ ಮನೆಯ ಅಳು, ಕುಂತಿ ಅವರಿಗೆ ಧೈರ್ಯ ಹೇಳಿದ್ದು, ಆಮೇಲೆ ಭೀಮನನ್ನು ಹತ್ತಿರ ಕರೆದು ಹೀಗೀಗೆ ಎಂದು ತಿಳಿಸಿದ್ದು, ಅವನು ನಕ್ಕು ಒಪ್ಪಿದ್ದು. ಅಲ್ಲಿಗೆ ಬಂದವಳು ತಡವರಿಸಿದಳು. ನೂರು ಸಲ ಹೇಳಿದ ಕಥೆ. ಈ ಮಾತು ಮಾತ್ರ ಅವಳ ಕಿವಿಗೆ ಈಗಲೇ ಬಿದ್ದಂತಿತ್ತು. ಕುಂತಿ ಮೊದಲು ಮಗನಿಗೆ ಹೇಳಿದ್ದಳು. ಅವನ ಬಲ ಎಷ್ಟೆಂಬುದೂ ಅವಳಿಗೆ ಗೊತ್ತಿತ್ತು. ಯಮುನವ್ವ ಕಥೆಯನ್ನು ಅಷ್ಟಕ್ಕೇ ಬಿಟ್ಟು, ಕೈ ಮುಗಿದು ಕೆಳಗಿಳಿದಳು. ಜನ ಚಪ್ಪಾಳೆ ತಟ್ಟಿದರು.

ನೂತನ ಮೇಡಂ ಊರ ಕಡೆಗೆ ಹೋಗುವ ಗಡಹಿಂಗ್ಲಜದ ಬಸ್ಸು ತೋರಿಸಿದರೂ ಅವಳು ಅದನ್ನು ಹತ್ತಲಿಲ್ಲ, ಇಚಲಕರಂಜಿಯ ಬಸ್ಸು ಹಿಡಿದಳು. ದೀಪಾಲಿ ಫೋನಿನಲ್ಲಿ ಹೇಳಿದ ಗುರುತಿನ ಮೇಲೆ ಓಣಿ ಸಿಕ್ಕಿತು. ಬಾಡಿಗೆ ಖೋಲಿಯಲ್ಲಿ ಮಗ್ಗಗಳೆರಡೂ ಖಟಾಖಟ್ ಓಡುತ್ತಿದ್ದವು. ಬಾಗಿಲಲ್ಲಿ ಅವ್ವನನ್ನು ಕಂಡು ದತ್ತಾ ಒಂದು ಮಗ್ಗ ನಿಲ್ಲಿಸಿದ. ಸ್ವಲ್ಪ ತಡೆದು ಇನ್ನೊಂದನ್ನೂ ನಿಲ್ಲಿಸಿದ.

“ಶೆಡ್ಡ ತಗಸಿದ್ದು ತಪ್ಪಂತ ಹೇಳಾಕ ಬಂದಿಲ್ಲಪಾ,” ಎಂದಳು. “ಸಭಾಕ ಹೋಗೂ ಮದಲ ನಿನಗ ಹೇಳಲಿಲ್ಲ. ಅದು ತಪ್ಪಾತು.”

“ಹೇಳಿದ್ರ ನಾ ಒಪ್ಪತಿದ್ದಿಲ್ಲ.”

“ಗೊತ್ತೈತಿ. ಅದಕ್ಕ ಅಂಜಿ ಹೇಳಲಿಲ್ಲ.”

ದತ್ತಾ ಮಗ್ಗದಲ್ಲಿ ತುಂಡಾಗಿದ್ದ ನೂಲಿನ ಎಳೆಯನ್ನು ಗಂಟು ಹಾಕಿದ. ಆಮೇಲೆ ದೀಪಾಲಿಗೆ ಚಹಾ ಇಡಲು ಹೇಳಿ, ಅವ್ವನಿಗೆ ಕೂರಲು ಬಟ್ಟೆಯ ಗಂಟುಗಳನ್ನು ಪಕ್ಕಕ್ಕೆ ಸರಿಸಿದ. ಅಂದು ಅವಳು ಅಲ್ಲೇ ಉಳಿದಳು.

ಮಗ್ಗಗಳು ಊರಿಗೆ ಮರಳಲಿಲ್ಲ. ಇಚಲಕರಂಜಿಯಲ್ಲಿ ಕರೆಂಟು, ಗಿರಾಕಿ ಎರಡೂ ಚೆನ್ನಾಗಿವೆ ಎಂದು ದತ್ತಾ ಅಲ್ಲೇ ನಿಂತ. ಆದರೆ ಅಮಾವಾಸ್ಯೆಗೊಮ್ಮೆ ಹೆಂಡತಿಯೊಡನೆ ಊರಿಗೆ ಬರತೊಡಗಿದ. ಯಮುನವ್ವನ ಅವಧಿ ಇನ್ನೂ ಎರಡು ವರ್ಷ ಉಳಿದಿತ್ತು. ಈಗ ಯಾವ ಠರಾವು ಸಭೆಗೆ ಬರುವುದಿದ್ದರೂ, ಅದರಿಂದ ಯಾರಿಗೆ ಪೆಟ್ಟು ಬೀಳುತ್ತದೋ ಅವರ ಮನೆಗೆ ಹಿಂದಿನ ದಿನವೇ ತಾನಾಗಿ ಹೋಗಿ ಹೇಳಿ ಬರುತ್ತಾಳೆ. ಕೆಲವರು ಬೈದು ಕಳಿಸುತ್ತಾರೆ. ಬೈಸಿಕೊಂಡು ಬಂದು ಕುರಿಗಳಿಗೆ ನೀರು ಕುಡಿಸುತ್ತಾಳೆ.